ಕಿವಿಯ ಸದ್ದು ಕಡಿಮೆಯಾಗಿದೆ ಎಂದ ವಾರಗಳು

ಅಮೆರಿಕದ ಡಬ್ಲಿನ್ ಊರಿನ ನಮ್ಮ ಮನೆಯ ಹಾಲಿನಲ್ಲಿ ಪ್ರತಿ ಶನಿವಾರ ಬೆಳಿಗ್ಗೆ ನಾನು ಮಕ್ಕಳಿಗೆ ಹಿಂದುಸ್ತಾನಿ ಗಾಯನ ಕಲಿಸುತ್ತೇನೆ. ತಂಬೂರಿಯನ್ನು ಕಿವಿಯಿಂದಲೇ ಶ್ರುತಿ ಮಾಡಬೇಕು ಎಂದು ಧಾರವಾಡದಲ್ಲಿ ನನ್ನ ಗುರುಗಳು ಹೇಳಿಕೊಟ್ಟಿದ್ದರು. ಮೊಬೈಲು ನೋಡಿಕೊಂಡು ತಂತಿ ಬಿಗಿಯುವವರನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಇಂಥ ಜಂಬದವಳ ಎಡಗಿವಿಯಲ್ಲಿ ಹೋದ ಚಳಿಗಾಲ ಕುಂಯ್ ಎಂಬ ಸದ್ದು ಶುರುವಾಯಿತು. ಹಗಲೆನ್ನದೆ, ರಾತ್ರಿಯೆನ್ನದೆ, ಒಂದೇ ಸಮನೆ.

ಪಾಲೋ ಆಲ್ಟೋದ ಡಾಕ್ಟರು ಎಲ್ಲ ಪರೀಕ್ಷೆ ಮಾಡಿ, ಇದಕ್ಕೆ ಮಾತ್ರೆಯಿಲ್ಲ, ಒಗ್ಗಿಕೊಳ್ಳಿ ಎಂದರು. ಏನು ಒಗ್ಗುವುದು, ಮಣ್ಣು! ಆರೇ ವಾರದಲ್ಲಿ ನನ್ನ ಹಿರಿಯ ಶಿಷ್ಯೆಯ ಮೊದಲ ಕಾರ್ಯಕ್ರಮವಿತ್ತು. ಹದಿನೈದರ ಹುಡುಗಿ. ತಂಬೂರಿ ಶ್ರುತಿ ತಪ್ಪಿದರೆ ಸಭೆಯೆದುರು ಮಾನ ಹೋಗುವುದು ಅವಳದು. ವಿಷಯ ಗಂಡನಿಗೆ ಬಿಟ್ಟು ಯಾರಿಗೂ ಹೇಳಲಿಲ್ಲ. ಕಿವಿ ಕೆಟ್ಟವಳ ಹತ್ತಿರ ಯಾರು ಮಕ್ಕಳನ್ನು ಕಳಿಸುತ್ತಾರೆ? ಅಕ್ಯುಪಂಕ್ಚರ್ ಮಾಡುವ ಚೀನೀ ಹೆಂಗಸೊಬ್ಬರ ವಿಳಾಸ ತಂದವರೂ ಗಂಡನೇ.

ಆಕೆ ನನಗಿಂತ ಹಿರಿಯರು. ಕೆಲವರಿಗೆ ಹಗುರಾಗುತ್ತದೆ, ಕೆಲವರಿಗೆ ಇಲ್ಲ, ಮಾತು ಕೊಡಲಾರೆ ಎಂದು ಮೊದಲೇ ಹೇಳಿದರು. ಕಿವಿಯ ಸುತ್ತ ಸೂಜಿಗಳನ್ನು ಚುಚ್ಚಿ, ಎರಡಕ್ಕೆ ವೈರಿನ ಕ್ಲಿಪ್ಪು ಸಿಕ್ಕಿಸಿ, ಕರೆಂಟಿನ ಸಣ್ಣ ಪೆಟ್ಟಿಗೆಯ ಗುಂಡಿಯನ್ನು ಮೆಲ್ಲಗೆ ತಿರುವಿದರು. ಚರ್ಮದೊಳಗೆ ಯಾರೋ ಬೆರಳಿನಿಂದ ಟಕಟಕ ಕುಟ್ಟತೊಡಗಿದಂತಾಯಿತು. ಹಲ್ಲು ಕಚ್ಚಿಕೊಂಡು ಮಲಗಿದೆ. ಇನ್ನೂ ತಿರುವುತ್ತಾರೇನೋ ಎಂಬ ಭಯ ಬೇರೆ.

ಮುಗಿದ ಮೇಲೆ, ಸೊನ್ನೆಯಿಂದ ಹತ್ತರೊಳಗೆ ಸದ್ದು ಈಗೆಷ್ಟು ಎಂದು ಕೇಳಿದರು. ಬಂದಾಗ ಏಳು ಎಂದಿದ್ದೆ, ಈಗಲೂ ಏಳೇ. ಆದರೆ ಆಕೆ ನನ್ನ ಕಾಲಿಗೆ ಕಂಬಳಿ ಹೊದಿಸಿದ್ದರು, ಆಸೆಯಿಂದ ನನ್ನ ಮುಖವನ್ನೇ ನೋಡುತ್ತಿದ್ದರು. ಬಡಿಸಿದವರೆದುರು ಉಪ್ಪು ಜಾಸ್ತಿಯಾಯಿತು ಎನ್ನದ ಮನೆಯಲ್ಲಿ ಬೆಳೆದವಳು ನಾನು. "ಆರು" ಎಂದುಬಿಟ್ಟೆ. ಮುಂದಿನ ವಾರ ಐದು, ಆಮೇಲೆ ನಾಲ್ಕು. ಆಕೆ ಖುಷಿಯಿಂದ ಬರೆದುಕೊಂಡು, ಗುಣ ಕಾಣುತ್ತಿದೆಯಲ್ಲ ಎಂದು ಅದೇ ಜಾಗಗಳಲ್ಲೇ ಚುಚ್ಚಿದರು.

"ಖರೇನ ಕಡಿಮಿ ಆಗ್ಯದೇನು?" ಎಂದು ಫ್ರೀವೇಯಲ್ಲಿ ಗಂಡ ಕೇಳಿದರು.

"ಆಗ್ಯದ ಅಂದೆನಲ್ಲ! ಮತ್ತ ಮತ್ತ ಕೇಳಬ್ಯಾಡ್ರಿ," ಎಂದು ರೇಗಿದೆ.

ಐದನೆಯ ಶನಿವಾರ ತಂಬೂರಿಯ ತಂತಿ ಬೇಗನೆ ಶ್ರುತಿಗೆ ಕೂಡಿತು. ಕಿವಿ ಸರಿಹೋಯಿತೆಂದೇ ಹಿಗ್ಗಿದೆ. ಹುಡುಗಿ ಷಡ್ಜ ಹಿಡಿಯಲು ಹೋಗಿ ಎರಡು ಸಲ ನಿಲ್ಲಿಸಿದಳು. "ಆಂಟಿ, ಇಟ್ಸ್ ಟೂ ಹೈ," ಎಂದಳು, ಅಳುಕುತ್ತ. ಆಗ ಹೊಳೆಯಿತು: ನಾನು ತಂತಿಯನ್ನು ಸ್ವರಕ್ಕಲ್ಲ, ಕಿವಿಯೊಳಗಿನ ಕುಂಯ್ ಸದ್ದಿಗೆ ಕೂಡಿಸಿದ್ದೆ.

ಆ ವಾರ ಸೂಜಿ ಚಿಕಿತ್ಸೆಗೆ ಹೋಗಿ, ಆಕೆ ಸದ್ದು ಎಷ್ಟು ಎಂದು ಕೇಳಿದಾಗ, "ಏಳು. ಮೊದಲ ದಿನದಿಂದಲೂ ಏಳೇ," ಎಂದೆ. ಆಕೆ ಪೆಟ್ಟಿಗೆ ಆರಿಸಿ, ತಾವು ಬರೆದಿಟ್ಟ ಕಾರ್ಡನ್ನು ಬಹಳ ಹೊತ್ತು ನೋಡಿದರು. ಮೊದಲೇ ಹೇಳಿದ್ದರೆ ಬೇರೆ ರೀತಿ ಮಾಡಿ ನೋಡುತ್ತಿದ್ದೆ, ಇಲ್ಲವೇ ನಿಲ್ಲಿಸಿಬಿಡುತ್ತಿದ್ದೆ ಎಂದರು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು. ನಾಚಿಕೆಯಿಂದ ಕುಗ್ಗಿಹೋದೆ.

ಕಾರ್ಯಕ್ರಮದ ದಿನ ವೇದಿಕೆಯ ಹಿಂದಿನ ಕೋಣೆಯಲ್ಲಿ ಹುಡುಗಿಗೆ ಎಲ್ಲ ಹೇಳಿದೆ. "ನನ್ನ ಎಡಗಿವಿ ಕೆಟ್ಟದವಾ. ತಂತಿ ಕೂಡಿತೇನು ಅಂತ ನೀನೇ ಹೇಳು."

ತಂಬೂರಿಯ ಬಿರಡೆ ತಿರುವಿ ತಂತಿ ಮೀಟಿದೆ. ಹೊರಗೆ ಜನ ಕೂರುತ್ತಿದ್ದರು.

"ಇಟ್ಸ್ ಫೈನ್, ಆಂಟಿ," ಎಂದಳು. ತೀರ ಬೇಗ ಹೇಳಿದಳು, ನನ್ನ ಮುಖ ನೋಡದೆ ಹೇಳಿದಳು. ಅಷ್ಟು ವಾರ ನಾನು ಹೇಳಿದ್ದೂ ಹೀಗೆಯೇ.

"ನನ್ನ ಮರ್ಯಾದಿ ಆಮ್ಯಾಲೆ ನೋಡೋಣ. ಖರೇ ಹೇಳು."

ಅವಳ ಕಣ್ಣು ತುಂಬಿತು. "ಸ್ಟಿಲ್ ಹೈ," ಎಂದಳು.

ತೊಡೆಯ ಮೇಲಿದ್ದ ತಂಬೂರಿಯನ್ನು ಎತ್ತಿ ಅವಳ ಕೈಗೆ ಕೊಟ್ಟೆ.