ಮುನಿಗಂಗಮ್ಮ ಕತ್ತಲಲ್ಲಿ ಕಾದ ಪೈನ್ ಗಿಡಗಳು

ಮುನಿಗಂಗಮ್ಮ ಹುಟ್ಟಿದ್ದು ಶಿಡ್ಲಘಟ್ಟದ ಹತ್ತಿರ, ರೇಷ್ಮೆ ಹುಳು ಸಾಕುವ ಮನೆಯಲ್ಲಿ. ಮದುವೆಯಾಗಿ ಮುದ್ದೇನಹಳ್ಳಿಗೆ ಬಂದಳು. ಎಂಬತ್ತಾರನೇ ಇಸವಿಯಲ್ಲಿ ಚಿಕ್ಕಬಳ್ಳಾಪುರ ರಸ್ತೆಯ ಲಕ್ಷ್ಮಯ್ಯನವರ ನರ್ಸರಿಗೆ ಸೇರಿದಳು. ನಾನು ಅಲ್ಲಿ ಮೇಸ್ತ್ರಿ. ಅವಳು ನೀರು ಹಾಕಿದ ಗಿಡ ಒಣಗಿದ್ದನ್ನು ನಾನು ನೋಡಿಲ್ಲ.

ತೊಂಬತ್ತೈದರಲ್ಲಿ ಬೆಂಗಳೂರಿಂದ ಅನಸೂಯಮ್ಮ ಅನ್ನೋ ಮೇಡಂ ಬಂದರು. ಪೈನ್, ಸೈಪ್ರೆಸ್, ದೇವದಾರು ಇಂಥ ಸೂಜಿ ಎಲೆ ಗಿಡಗಳ ಎಂಟು ಕುಂಡ ನಮ್ಮಲ್ಲಿ ಇಟ್ಟರು. ಎಲೆಯೊಳಗೆ ಹಸಿರು ಕಾಳಿನಂಥದ್ದು ಇರುತ್ತಂತೆ, ಅದರೊಳಗೆ ವಂಶದ ಬರಹ. ಒಂದು ಜಾತಿಯದನ್ನು ಇನ್ನೊಂದರ ಪಕ್ಕ ಇಟ್ಟು ಯಾರಿಗೆ ಯಾರು ನೆಂಟರು ಅಂತ ನೋಡುವುದು ಅವರ ಕೆಲಸ. ಎಲೆ ಕೀಳುವ ಮುಂಚೆ ಎರಡು ದಿನ ಗಿಡ ಕತ್ತಲಲ್ಲಿ ಇರಬೇಕು ಅಂದರು. ನಾನು ಮುನಿಗಂಗಮ್ಮನಿಗೆ ಹೇಳಿದೆ.

ಎಲೆ ಒಯ್ದ ವಾರಕ್ಕೇ ಮೇಡಂ ಸಪ್ಪೆ ಮುಖ ಹೊತ್ತು ವಾಪಸ್ ಬಂದರು. "ಅರೆದರೆ ಬರೀ ಗಂಜಿ ಕಣ್ರೀ, ಎಲ್ಲಾ ಕೆಟ್ಟೋಯ್ತು."

"ಗಿಡ ಕತ್ತಲಲ್ಲೇ ಇತ್ತೇನಮ್ಮ?" ಅಂತ ಮುನಿಗಂಗಮ್ಮನನ್ನು ಕೇಳಿದೆ.

"ಇತ್ತಣ್ಣ. ಹಗಲೊತ್ತು ಒಂದು ಗಳಿಗೆ ಬಿಸಿಲಿಗೆ ಇಟ್ಟಿದ್ದೆ ಅಷ್ಟೆ. ಪಾಪ, ಹಸಿದಿರ್ತಾವಲ್ಲ."

ನನಗೆ ರೇಗಿಹೋಯ್ತು. ಬಾಯಿಗೆ ಬಂದಂಗೆ ಬೈದೆ. ಲಕ್ಷ್ಮಯ್ಯನವರು ಕೂಗಾಡಲಿಲ್ಲ, ಅದೇ ಭಯ. "ದಸ್ತಗಿರ್, ಇನ್ನೊಂದ್ಸಲಕ್ಕಾಗುವಷ್ಟೇ ಎಲೆ ಉಳಿದಿರೋದು. ಅದೂ ಕೆಟ್ಟರೆ ಇವಳನ್ನ ಮನೆಗೆ ಕಳಿಸಿಬಿಡು" ಅಂತ ನನಗೆ ಹೇಳಿದರು.

ಮುನಿಗಂಗಮ್ಮ ಅಳಲಿಲ್ಲ. ಮೇಡಂ ಹತ್ತಿರ ಹೋಗಿ, "ಯಾಕಮ್ಮ ಕತ್ತಲು?" ಅಂದಳು.

"ಬಿಸಿಲು ತಿಂದು ಗಿಡ ಗಂಜಿ ಕೂಡಿಡುತ್ತೆ, ಅದಿದ್ರೆ ಅರೆಯುವಾಗ ಹಸಿರು ಕಾಳು ಒಡೆದುಹೋಗುತ್ತೆ. ಕತ್ತಲಲ್ಲಿಟ್ಟರೆ ಆ ಗಂಜೀನ ತಾನೇ ತಿಂದು ಮುಗಿಸುತ್ತೆ, ಸಾಯಲ್ಲ."

"ಅಯ್ಯೋ, ಹುಳ ಜ್ವರಕ್ಕೆ ಕೂತಂಗೆ ಅನ್ನಿ!" ಅಂದಳು. ಪೊರೆ ಬಿಡುವ ಮುಂಚೆ ರೇಷ್ಮೆ ಹುಳ ತಲೆಯೆತ್ತಿ ಅಲ್ಲಾಡದೆ ಕೂರುತ್ತದೆ, ಅದಕ್ಕೆ ನಮ್ಮ ಕಡೆ ಜ್ವರ ಅಂತಾರೆ. ಆಗ ಸೊಪ್ಪು ಹಾಕಿದರೆ ಬೆಳೆಯೇ ಹೋಯ್ತು. "ಮೊದ್ಲೇ ಹಂಗೆ ಹೇಳಬಾರ್ದಾ ಅಣ್ಣ? ಬರೀ ಬೈಯಕ್ ಬರ್ತದೆ ನಿನಗೆ."

ಈ ಸಲ ಕುಂಡಗಳನ್ನು ಗೊಬ್ಬರದ ಕೋಣೆಗೆ ಹೊತ್ತೊಯ್ದಳು. ಕಿಟಕಿಗೆ ಗೋಣಿ ಹೊಡೆದಳು, ಬಾಗಿಲ ಸಂದಿಗೂ ತುರುಕಿದಳು. ಎರಡನೇ ದಿನ ಲಕ್ಷ್ಮಯ್ಯನವರು ಚಿಂತಾಮಣಿಯ ಗಿರಾಕಿಯೊಬ್ಬನನ್ನು ಕರಕೊಂಡು ಬಂದರು.

"ಬಾಗಿಲು ತೆಗಿಯಮ್ಮ, ಪೈನ್ ಗಿಡ ತೋರಿಸ್ಬೇಕು."

"ಆಗಲ್ಲ ಸಾಮಿ. ನಾಳೆ ಬನ್ನಿ."

"ನನ್ನ ನರ್ಸರಿ ಕಣೇ ಇದು!"

"ಕೆಲಸ ನಂದಲ್ವಾ? ಕೆಟ್ಟರೆ ಮನೆಗೋಗೋಳೂ ನಾನೇ."

ನನಗೆ ನಗು ತಡೆಯಲಾಗಲಿಲ್ಲ. ಗಿರಾಕಿ ಗುಲಾಬಿ ಕೊಂಡು ಹೋದ.

ಎಲೆ ಒಯ್ದ ಹದಿನೈದು ದಿನಕ್ಕೆ ಮೇಡಂ ಬಂದರು. ಎಲ್ಲಾ ಶುದ್ಧವಾಗಿ ಸಿಕ್ಕಿತ್ತಂತೆ. "ಪೈನ್ ಗಿಡದಲ್ಲಿ ಈ ಹಸಿರು ಕಾಳು ತಂದೆ ಕಡೆಯಿಂದ ಬರೋದು ಮುನಿಗಂಗಮ್ಮ, ಬೇರೆ ಗಿಡಗಳಲ್ಲಿ ಹೆಚ್ಚಾಗಿ ತಾಯಿಯಿಂದ" ಅಂದರು.

"ಬರಲಿ ಬಿಡಿ. ನೀರು ಹಾಕ್ದೋಳು ನಾನು ಅಂತ ಎಲ್ಲಾದರೂ ಬರ್ದೈತಾ ಅದ್ರಲ್ಲಿ?" ಅಂದಳು. ಮೇಡಂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಮುಂದಿನ ತಿಂಗಳು ಇನ್ನೂ ಆರು ಕುಂಡ ಬಂದವು. ಲಕ್ಷ್ಮಯ್ಯನವರು ನನ್ನನ್ನು ಕೇಳಲೇ ಇಲ್ಲ, ನೇರವಾಗಿ ಅವಳ ಮುಂದೆ ಇಳಿಸಿ, "ಯಾವಾಗ ನೋಡಬಹುದು ಅಂತ ನೀನೇ ಹೇಳಮ್ಮ" ಅಂದರು.