ಪುಟ್ಟಮಾದಪ್ಪ ಮೀನಿನ ಬಣ್ಣ ಹಿಡಿದದ್ದು

ಕೊಳ್ಳೇಗಾಲ ಇನ್ನೂ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕಾಲ. ಊರಿನಲ್ಲಿ ರೇಷ್ಮೆಗೆ ಬಣ್ಣ ಹಾಕುತ್ತಿದ್ದವರ ಪೈಕಿ ಪುಟ್ಟಮಾದಪ್ಪನಷ್ಟು ಜಂಬದ ಮನುಷ್ಯ ಇನ್ನೊಬ್ಬನಿರಲಿಲ್ಲ. ಸುಳ್ಳೇಕೆ ಹೇಳಬೇಕು, ಜಂಬಕ್ಕೆ ತಕ್ಕ ಕೈಗುಣವೂ ಇತ್ತು. ಬದನೆ ಹೂವು ತಂದುಕೊಟ್ಟರೆ ಬದನೆ ಹೂವಿನ ಬಣ್ಣ, ಗಿಳಿಯ ಪುಕ್ಕ ತಂದುಕೊಟ್ಟರೆ ಗಿಳಿಯ ಬಣ್ಣ. ಒಮ್ಮೆ ಧನಗೆರೆಯ ಗೌಡರೊಬ್ಬರು ತಮ್ಮ ಎಮ್ಮೆಯನ್ನೇ ಹೊಡೆದುಕೊಂಡು ಬಂದು, ಇದರ ಮೈಬಣ್ಣ ಬೇಕು ಅಂದಿದ್ದರಂತೆ. ಅದನ್ನೂ ಹಾಕಿಕೊಟ್ಟ. ಆ ಸೀರೆಯನ್ನು ಯಾವ ಪುಣ್ಯಾತ್ಗಿತ್ತಿ ಉಟ್ಟಳೋ ಗೊತ್ತಿಲ್ಲ.

ಮಾದರಿ ಕಣ್ಣೆದುರಿಗಿದ್ದರೆ ಸಾಕು, ಲೋಕದಲ್ಲಿ ತನ್ನ ಕೈಗೆ ಸಿಗದ ಬಣ್ಣವೇ ಇಲ್ಲ ಎನ್ನುತ್ತಿದ್ದ. ಸಿಗದೆ ಹೋದರೆ ಅವತ್ತಿನಿಂದ ಬಣ್ಣದ ಕೊಪ್ಪರಿಗೆ ಮುಟ್ಟುವುದಿಲ್ಲ ಎಂದು ಕಾಫಿ ಹೋಟೆಲಿನಲ್ಲಿ ಎಲ್ಲರೆದುರು ಮೇಜು ಗುದ್ದಿ ಆಣೆ ಮಾಡಿದ್ದ. ಈ ಆಣೆಗೆ ಎಲ್ಲರಿಗಿಂತ ಹೆಚ್ಚು ಹೆದರಿದವಳು ಅವನ ಹೆಂಡತಿ ಮಹಾದೇವಮ್ಮ. ಕೆಲಸ ಬಿಟ್ಟು ಈ ಮಹಾರಾಯ ಬೆಳಗಿನಿಂದ ಸಂಜೆಯವರೆಗೆ ಮನೆಯಲ್ಲೇ ಕೂತರೆ, ಸಾರಿಗೆ ಎಷ್ಟು ಉಪ್ಪು ಹಾಕಬೇಕೆಂದು ಅವಳಿಗೇ ಪಾಠ ಹೇಳಲು ಶುರುಮಾಡುತ್ತಾನೆ.

ಹೀಗಿರುವಾಗ ಯಳಂದೂರಿನ ಜವಳಿ ವ್ಯಾಪಾರಿ ಗುರುಪಾದಸ್ವಾಮಿಗಳು ಜಟಕಾ ಗಾಡಿಯಲ್ಲಿ ಬಂದಿಳಿದರು. ಕೈಯಲ್ಲೊಂದು ಗಾಜಿನ ಸೀಸೆ, ಸೀಸೆಯೊಳಗೆ ಹೆಬ್ಬೆರಳುದ್ದದ ಒಂದು ಮೀನು. ಸಯಾಮ್ ದೇಶದ ಕಾಳಗದ ಮೀನಂತೆ. ಅಳಿಯನಾಗುವ ಹುಡುಗ ಮದರಾಸಿನಲ್ಲಿ ಹಡಗಿನವನೊಬ್ಬನಿಂದ ಕೊಂಡು, ಅವರ ಮಗಳು ಶಂಕರಮ್ಮನಿಗೆ ಕಳಿಸಿದ್ದನಂತೆ. ಲಿಂಗ ಕಟ್ಟಿದ ಮನೆಗೆ ಮೀನು ಕಳಿಸುವ ಬುದ್ಧಿ ಯಾರು ಕೊಟ್ಟರೋ! ಹುಡುಗಿಯೋ ಅದನ್ನು ನೋಡಿ ಮರುಳಾಗಿ, ಮದುವೆ ಸೀರೆ ಅಂತ ಉಟ್ಟರೆ ಈ ಮೀನಿನ ಬಣ್ಣದ್ದೇ ಎಂದು ಹಟ ಹಿಡಿದು ಕೂತಿದ್ದಳು. ನೀಲಿ ಅನ್ನುವಷ್ಟರಲ್ಲಿ ಕೆಂಪು, ಕೆಂಪು ಅನ್ನುವಷ್ಟರಲ್ಲಿ ನೀಲಿ, ಅಂಥ ಬಣ್ಣ. ಪುಟ್ಟಮಾದಪ್ಪ ಒಂದು ಸಲ ನೋಡಿ ಆಗಲಿ ಅಂದುಬಿಟ್ಟ. ಸೀರೆಯೂ ಮೀನೂ ಒಟ್ಟಿಗೆ ವಾಪಸು ಬರಬೇಕು ಎಂದು ಹೇಳಿ ಗುರುಪಾದಸ್ವಾಮಿಗಳು ಹೊರಟರು.

ಆ ಸೀಸೆ ನೋಡಿ ಪುಟ್ಟಮಾದಪ್ಪನಿಗೆ ಅಯ್ಯೋ ಅನ್ನಿಸಿತು. ಇಷ್ಟು ಇಕ್ಕಟ್ಟಿನಲ್ಲಿ ಪ್ರಾಣಿ ಹೇಗೆ ಬಾಳೀತು? ಬಚ್ಚಲ ತಾಮ್ರದ ಹಂಡೆಗೆ ತಣ್ಣಗಿನ ಬಾವಿ ನೀರು ತುಂಬಿ ಮೀನನ್ನು ಅದರೊಳಗೆ ಬಿಟ್ಟ. ಬೆಳಗ್ಗೆ ನೋಡಿದರೆ ಮೀನು ತಳದಲ್ಲಿ ಮಲಗಿತ್ತು, ಬಣ್ಣವೆಲ್ಲ ಇಳಿದು ಮಸಿಬಟ್ಟೆ ಹಾಗಾಗಿತ್ತು. ಮಾದರಿಯೇ ಮಾಸಿದರೆ ಬಣ್ಣ ಹಿಡಿಯುವುದು ಯಾವುದನ್ನು ನೋಡಿ?

ಮೂರು ತಲೆಮಾರಿನಿಂದ ಮೀನು ಹೊಸಲು ದಾಟದ ಮನೆ ಅದು. ಮೀನಿನ ಸಮಾಚಾರ ಯಾರನ್ನು ಕೇಳುವುದು? ನಾಚಿಕೆ ಬಿಟ್ಟು ಕೆರೆಯ ಹತ್ತಿರ ಹೋಗಿ ಬಲೆ ಬೀಸುವವನೊಬ್ಬನನ್ನು ಕೇಳಿದ. ಅವನು ತಲೆ ಕೆರೆದುಕೊಂಡು, "ಬೇಯ್ಸೋದ್ ಗೊತ್ತು ಸಾ. ಸಾಕೋದ್ ಗೊತ್ತಿಲ್ಲ" ಅಂದ.

ಇನ್ನು ತನ್ನ ತಲೆಯೇ ಗತಿ ಎಂದು ಪುಟ್ಟಮಾದಪ್ಪ ಮನೆಗೆ ಬಂದ. ಹಂಡೆಯಿಂದ ಎತ್ತಿ ಮಣ್ಣಿನ ಮಡಕೆಗೆ ಹಾಕಿದ. ಮೀನು ಸ್ವಲ್ಪ ಚೇತರಿಸಿಕೊಂಡಿತು, ಆದರೆ ಮಡಕೆಯ ಕತ್ತಲಲ್ಲಿ ಅದರ ಬಣ್ಣ ಯಾರಿಗೆ ಕಾಣಬೇಕು? ಕಲ್ಲಿನ ತೊಟ್ಟಿಗೆ ಬಿಟ್ಟ. ಅಲ್ಲಿಂದ ಅದು ಆಚೆಗೆ ನೆಗೆದು, ಒಣಹಾಕಿದ್ದ ರೇಷ್ಮೆ ಲಡಿಯ ಮೇಲೆ ಬಿದ್ದು ಒದ್ದಾಡಿತು. ಕಡೆಗೆ ಅಂಗಡಿಯಿಂದ ಪೆಪ್ಪರಮೆಂಟು ತುಂಬುವ ಅಗಲ ಬಾಯಿಯ ಗಾಜಿನ ಜಾಡಿ ಬೇಡಿ ತಂದು, ಬಾಯಿಗೆ ಜರಡಿ ಮುಚ್ಚಿ, ಬಣ್ಣದ ಒಲೆಯ ಪಕ್ಕದ ಬೆಚ್ಚನೆಯ ಗೂಡಿನಲ್ಲಿಟ್ಟ. ಅಲ್ಲಿ ಮೀನು ನೆಮ್ಮದಿಯಾಗಿ ಓಡಾಡತೊಡಗಿತು. ಅವಲಕ್ಕಿ ಹಾಕಿದರೆ ಮೂಸಿಯೂ ನೋಡಲಿಲ್ಲ. ನಿಂತ ನೀರಿನ ಸೊಳ್ಳೆಮರಿ ಹಾಕಿದರೆ ಗಬಕ್ಕನೆ ನುಂಗುತ್ತಿತ್ತು. ಮಹಾದೇವಮ್ಮ ಶಿವ ಶಿವಾ ಎಂದು ಮುಖ ಆ ಕಡೆ ತಿರುಗಿಸಿಕೊಂಡೇ ಸೊಳ್ಳೆಮರಿ ಸುರಿಯುತ್ತಿದ್ದಳು.

ಮೀನೇನೋ ಗಟ್ಟಿಯಾಯಿತು, ಬಣ್ಣ ಮಾತ್ರ ಬರಲಿಲ್ಲ. ಪುಟ್ಟಮಾದಪ್ಪನದು ಜೊತೆಗೊಬ್ಬರಿಲ್ಲದೆ ಒಂದು ಲೋಟ ಕಾಫಿಯೂ ಗಂಟಲಲ್ಲಿ ಇಳಿಯದ ಸ್ವಭಾವ. ಒಂಟಿತನಕ್ಕೇ ಅದು ಮಂಕಾಗಿದೆ ಎಂದು ತೀರ್ಮಾನಿಸಿ ಕೆರೆಯ ಸಣ್ಣ ಮೀನುಗಳನ್ನು ತಂದು ಬಿಟ್ಟ. ಅವು ಇದರ ಉದ್ದನೆಯ ಬಾಲವನ್ನು ಪಾಚಿ ಅಂದುಕೊಂಡವೋ ಏನೋ, ತುದಿಯಿಂದ ಮೇಯಲು ಶುರುಮಾಡಿದವು. ಅವನ್ನು ತೆಗೆದು, ಏಡಿಯಾದರೆ ಮರ್ಯಾದಸ್ಥ ಎಂದು ಒಂದು ಏಡಿ ತಂದ. ಅದು ಜಾಡಿಗೆ ಇಳಿಯುವ ಮೊದಲೇ ಅವನ ಬೆರಳು ಹಿಡಿದುಕೊಂಡಿತು. ಆ ಬೊಬ್ಬೆಗೆ ಬೀದಿಯವರೆಲ್ಲ ಬಂದು ನೋಡಿದರು. ಕೊನೆಗೆ ಹೊಂದಿಕೊಂಡದ್ದು ಒಂದು ಬಸವನಹುಳು. ಅದು ತನ್ನ ಪಾಡಿಗೆ ಗಾಜಿನ ಪಾಚಿ ನೆಕ್ಕುತ್ತಿತ್ತು, ಇದು ತನ್ನ ಪಾಡಿಗೆ ತಿರುಗುತ್ತಿತ್ತು. ಜಗಳವಿಲ್ಲ, ಮಾತಿಲ್ಲ, ಬಣ್ಣವೂ ಇಲ್ಲ.

ಮದುವೆ ಹತ್ತಿರ ಬಂತು. ಪುಟ್ಟಮಾದಪ್ಪನಿಗೆ ಅನ್ನ ಸೇರದು. ಆಗೊಂದು ದಿನ ಮಹಾದೇವಮ್ಮ ಗೂಡಿನ ಮುಂದೆ ನಿಂತು ಕೈಗನ್ನಡಿಯಲ್ಲಿ ಹಣೆಯ ವಿಭೂತಿ ಸರಿಮಾಡಿಕೊಂಡು, ಕನ್ನಡಿಯನ್ನು ಜಾಡಿಗೆ ಒರಗಿಸಿಟ್ಟಳು. ಮೀನು ತನ್ನ ಬಿಂಬ ನೋಡಿತು. ನೋಡಿದ್ದೇ ತಡ, ಕಿವಿರು ಅಗಲಿಸಿ, ರೆಕ್ಕೆ ಬಾಲವೆಲ್ಲ ಬಿಚ್ಚಿ, ಕೆಂಪು ನೀಲಿ ಧಗಧಗ ಉರಿಯುವಂತೆ ನಿಂತುಬಿಟ್ಟಿತು.

"ಬನ್ರೀ ಇಲ್ಲಿ. ಕ್ವಾಪ ಬಂದ್ರ ಮಾತ್ರ ಬಣ್ಣ ಬತ್ತದ ಕಣ್ರೀ ಇದ್ಕ" ಎಂದು ಅವಳು ಕೂಗಿದಳು.

ಅಂದಿನಿಂದ ಮೀನಿಗೆ ದಿನಾ ಕನ್ನಡಿ, ಒಲೆಗೆ ದಿನಾ ಸೌದೆ. ಹಾಕಿದ ಲಡಿಗಳಿಗೆ ಲೆಕ್ಕವಿಲ್ಲ. ನೀಲಿ ಮುಂದಾದರೆ ಕೆಂಪು ಸಾಯುತ್ತಿತ್ತು, ಕೆಂಪು ಮುಂದಾದರೆ ನೀಲಿ. ಎರಡನ್ನೂ ಬೆರೆಸಿದರೆ ಕೊಳೆತ ನೇರಳೆಹಣ್ಣು. ಎರಡನ್ನು ಒಂದೇ ಕೊಪ್ಪರಿಗೆಗೆ ಹಾಕಿದ್ದೇ ತಪ್ಪು ಎಂದು ಕಡೆಗೆ ಹೊಳೆಯಿತು. ಹಾಸಿನ ಎಳೆಗೆ ನೀಲಿ, ಹೊಕ್ಕಿನ ಎಳೆಗೆ ಕೆಂಪು ಹಾಕಿ ಮಗ್ಗಕ್ಕೆ ಕೊಟ್ಟ. ಇಳಿದು ಬಂದ ಸೀರೆಯನ್ನು ಹೀಗೆ ತಿರುಗಿಸಿದರೆ ನೀಲಿ, ಹಾಗೆ ತಿರುಗಿಸಿದರೆ ಕೆಂಪು. ಪುಟ್ಟಮಾದಪ್ಪ ಅದನ್ನು ಎದೆಗೊತ್ತಿಕೊಂಡು ಮನೆಯಲ್ಲೆಲ್ಲ ಕುಣಿದ.

ಗುರುಪಾದಸ್ವಾಮಿಗಳು ಮಗಳ ಜೊತೆ ಬಂದರು. ಕಾಫಿ ಹೋಟೆಲಿನವರೂ ಮಜಾ ನೋಡಲು ಹಿಂದೆಯೇ ಬಂದರು. ಸ್ವಾಮಿಗಳು ಸೀರೆ ನೋಡಿದರು, ಜಾಡಿ ನೋಡಿದರು. ಮೀನು ಹೊಟ್ಟೆ ತುಂಬ ಸೊಳ್ಳೆಮರಿ ತಿಂದು ಮಸಿಬಟ್ಟೆ ಬಣ್ಣದಲ್ಲಿ ತೂಕಡಿಸುತ್ತಿತ್ತು.

"ಇದೇನಯ್ಯ ಪುಟ್ಟಮಾದಪ್ಪ, ಮೀನು ಬೂದಿ ಬಣ್ಣ, ಸೀರೆ ನೋಡುದ್ರ ಇಂಗದೆ. ಯಾವ ಮಾದರಿ ನೋಡಿ ಆಕ್ದೆ?"

ಪುಟ್ಟಮಾದಪ್ಪ ನಗುತ್ತಲೇ ಕನ್ನಡಿ ಹಿಡಿದ. ಮೀನು ಅಲ್ಲಾಡಲಿಲ್ಲ. ದಿನಾ ಅದೇ ಮುಖ ನೋಡಿ ನೋಡಿ ಅದು ಬೇಸತ್ತು ಹೋಗಿತ್ತು. ಕನ್ನಡಿ ಎಡಕ್ಕೆ ಹಿಡಿದ, ಬಲಕ್ಕೆ ಹಿಡಿದ, ಜಾಡಿ ತಟ್ಟಿದ. ಮೀನು ಬಸವನಹುಳುವಿನ ಪಕ್ಕ ಹೋಗಿ ಮಲಗಿತು. ಬಾಗಿಲಲ್ಲಿ ಯಾರೋ ಕಿಸಕ್ಕನೆ ನಕ್ಕರು. ಪುಟ್ಟಮಾದಪ್ಪನ ಜನ್ಮದ ಮಾನವೆಲ್ಲ ಒಂದು ಹೆಬ್ಬೆರಳುದ್ದದ ಮೀನಿನ ಮರ್ಜಿಗೆ ಬಿದ್ದಿತ್ತು. ಸೋತೆ ಎಂದು ಹೇಳಲು ಗಂಟಲು ಸರಿಮಾಡಿಕೊಂಡ.

ಮಹಾದೇವಮ್ಮನಿಗೆ ರೇಗಿಹೋಯಿತು. ಗಂಡನ ಮೇಲೋ, ಸ್ವಾಮಿಗಳ ಮೇಲೋ, ಮೀನಿನ ಮೇಲೋ, ಅವಳಿಗೇ ತಿಳಿಯದು. ಸೀರೆಯನ್ನು ಸರಕ್ಕನೆ ಎಳೆದುಕೊಂಡು, ಅದರ ಸೆರಗು ಬಿಚ್ಚಿ ಜಾಡಿಯ ಮುಖಕ್ಕೇ ಹಿಡಿದಳು.

ಮೀನು ಕಣ್ಣು ತಿರುಗಿಸಿತು. ಎದುರಿಗೆ ತನ್ನದೇ ಜಾತಿಯ ಆಜಾನುಬಾಹು ಒಬ್ಬ ಬಂದು ನಿಂತಿದ್ದಾನೆ! ತನ್ನ ಗಾತ್ರವೇನು, ಅವನ ಗಾತ್ರವೇನು ಎಂದು ನೋಡಲಿಲ್ಲ. ಮೈಯೆಲ್ಲ ಬಿಚ್ಚಿ, ನೀಲಿ ಕೆಂಪು ಕಾರಿಕೊಂಡು, ಗಾಜಿಗೆ ಢಿಕ್ಕಿ ಹೊಡೆಯಿತು. ಸೆರಗು ಅಲ್ಲಾಡಿದ ಕಡೆಗೆಲ್ಲ ನುಗ್ಗಿತು. ಜಾಡಿಯೊಳಗಿನ ಬಣ್ಣ ಯಾವುದು, ಹೊರಗಿನದು ಯಾವುದು ಎಂದು ಹೇಳುವಂತಿರಲಿಲ್ಲ. ಬಾಗಿಲಲ್ಲಿದ್ದವರ ನಗು ನಿಂತಿತು. ಗುರುಪಾದಸ್ವಾಮಿಗಳು ಬಗ್ಗಿ ನೋಡಿ, ಮತ್ತೆ ಬಗ್ಗಿ ನೋಡಿ, ಒಪ್ಪಿದೆ ಎನ್ನುವಂತೆ ತಲೆದೂಗಿದರು. ಪುಟ್ಟಮಾದಪ್ಪ ಕೈಯಲ್ಲಿದ್ದ ಕನ್ನಡಿಯನ್ನು ಮೆಲ್ಲಗೆ ಕೆಳಗಿಟ್ಟ.

ಶಂಕರಮ್ಮ ಸೀರೆಯನ್ನು ಮಡಿಸಿ ಎದೆಗಪ್ಪಿಕೊಂಡಳು. ಅಪ್ಪ ಜಾಡಿಗೆ ಕೈ ಹಾಕುವುದನ್ನು ನೋಡಿ ತಡೆದಳು.

"ಬ್ಯಾಡ ಕಣಪ್ಪಾ, ಮೀನು ಇವ್ರ ಮನೇಲೇ ಇರ್ಲಿ. ಈ ಸೀರೇನೂ ಅದೂ ಒಂದೇ ಮನೇಲಿ ಬಾಳಾಕಿಲ್ಲ."