ಮೂಲೆಯಿಲ್ಲದ ಹಟ್ಟಿ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಬಸವಕಲ್ಯಾಣದಿಂದ ಹುಮನಾಬಾದಿಗೆ ಒಂದು ಬಸ್ಸು, ಅಲ್ಲಿಂದ ನಾನು ಗಣಿತ ಕಲಿಸುವ ಹಳ್ಳಿಗೆ ಇನ್ನೊಂದು. ಎರಡನೆಯದು ತಪ್ಪಿದ ದಿನ ಮಕ್ಕಳು ನನ್ನ ಮುಖ ನೋಡಿಯೇ ಪುಸ್ತಕ ತೆಗೆಯುತ್ತಾರೆ. ಅಂಥದೊಂದು ದಿನವೇ ಪಾಲಕರ ಸಭೆ ಇತ್ತು. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳನ್ನು ಎದುರಿಗೆ ನಿಲ್ಲಿಸಿಕೊಂಡೇ ಅವಳ ತಂದೆಗೆ, "ಈಕಿ ತಲಿಗಿ ಗಣಿತ ಹತ್ತಂಗಿಲ್ರಿ" ಎಂದುಬಿಟ್ಟೆ. ಕುರಿ ಕಾಯುವ ಮನುಷ್ಯ. ಹೆಗಲ ಕಂಬಳಿ ಸರಿಮಾಡಿಕೊಂಡು, "ಹೌದ್ರಿ ಮೇಡಂ" ಎಂದು ಹೊರಟುಹೋದ.

ವಾರದೊಳಗೆ ಸುದ್ದಿ ಬಂತು. ದೀಪಾವಳಿ ಮುಗಿದ ಮೇಲೆ ಹಿಂಡು ಮೇವಿಗೆ ದೂರ ಹೊರಡುತ್ತದೆ, ಹುಡುಗಿಯೂ ಶಾಲೆ ಬಿಟ್ಟು ಜೊತೆಗೆ ಹೋಗುತ್ತಾಳೆ. ನನಗೆ ಕಸಿವಿಸಿಯಾಯಿತು. ಏನಾದರೂ ಕಟ್ಟಿಸಿ, ಅಳೆಸಿ ಗಣಿತ ಕಲಿಸುವುದು ನನ್ನ ಹಳೆಯ ಹುಚ್ಚು. ಈ ಸಲ ಅವಳಿಗಾಗಿಯೇ ಕುರಿಹಟ್ಟಿ ಆರಿಸಿದೆ. ಗುಂಪಿಗೆ ಇಪ್ಪತ್ನಾಲ್ಕು ಮೀಟರ್ ಹಗ್ಗ, ಒಂದಿಷ್ಟು ಗೂಟ. ಅಷ್ಟೇ ಹಗ್ಗದಲ್ಲಿ ಅತಿ ಹೆಚ್ಚು ಜಾಗ ಹಿಡಿಯುವ ಹಟ್ಟಿ ಕಟ್ಟಬೇಕು. ಉತ್ತರ ನನ್ನ ಬಳಿ ಸಿದ್ಧವಿತ್ತು: ಆರಕ್ಕೆ ಆರು ಮೀಟರಿನ ಚೌಕ, ಮೂವತ್ತಾರು ಚದರ ಮೀಟರ್.

ಮೈದಾನದಲ್ಲಿ ಅವಳ ಗುಂಪು ಗೂಟಗಳನ್ನು ದುಂಡಗೆ ನೆಟ್ಟಿತ್ತು. "ನಾಕು ಬಾಜು ಎಲ್ಲಿ ಹೋದ್ವು?" ಎಂದು ಗದರಿ, ಎರಡು ಗೂಟ ಕಿತ್ತೇ ಬಿಟ್ಟೆ.

ಅವಳು ನೆಲ ನೋಡುತ್ತ ಹೇಳಿದಳು: "ಮೂಲಿ ಮಾಡಿದ್ರ ಮರಿ ಸಾಯ್ತಾವ್ರಿ. ತೋಳ ಬಂದ್ರ ಕುರಿ ಎಲ್ಲಾ ಮೂಲ್ಯಾಗ ನುಗ್ಗತಾವ್ರಿ, ಕೆಳಗ ಸಿಕ್ಕ ಮರಿಗಿ ಉಸಿರು ಸಿಗಂಗಿಲ್ರಿ. ಅದಕ್ಕ ನಮ್ಮಪ್ಪ ದುಂಡಗ ಹಾಕ್ತಾನ್ರಿ. ಜಾಗಾನೂ ಜಾಸ್ತಿ ಆಗ್ತದ್ರಿ."

"ಹಂಗಾದ್ರ ಅಳದು ತೋರಸು" ಎಂದೆ, ಗೆದ್ದೇ ಗೆಲ್ಲುವ ಧೈರ್ಯದಲ್ಲಿ.

ಗೂಟಗಳು ಮತ್ತೆ ನೆಲಕ್ಕಿಳಿದವು. ನಡುವಿನಿಂದ ಅಂಚಿಗೆ ಟೇಪು ಹಿಡಿದರೆ ಮೂರು ಮೀಟರ್ ಎಂಬತ್ತು ಸೆಂಟಿಮೀಟರ್. ವೃತ್ತದ ಸೂತ್ರ ನಾನು ಹೇಳಿದೆ, ಗುಣಾಕಾರವನ್ನು ಅವಳು ಮಣ್ಣಿನ ಮೇಲೆ ಕಡ್ಡಿಯಿಂದ ಬರೆದು ಮಾಡಿದಳು. ನಲವತ್ತೈದು ದಾಟಿತು. ಗಣಿತದ ಪದವಿ ಪಡೆದ ನಾನು ಬರೀ ನಾಲ್ಕು ಬದಿಯ ಆಕಾರಗಳನ್ನು ಹೋಲಿಸಿ ಚೌಕವೇ ದೊಡ್ಡದೆಂದು ಕೂತಿದ್ದೆ. ನಾಚಿಕೆಯೂ ಆಯಿತು, ಖುಷಿಯೂ ಆಯಿತು. ಅಷ್ಟರಲ್ಲಿ ಗಂಟೆ ಹೊಡೆಯಿತು, ಟೇಪು ಸುತ್ತಿಕೊಂಡು ಒಳಗೆ ನಡೆದುಬಿಟ್ಟೆ.

ಭಾನುವಾರ ಅವರ ಹಿಂಡು ಇದ್ದ ಹೊಲಕ್ಕೆ ಹೋದೆ. ಸೋಯಾ ಕೊಯ್ದ ಎರೆ ನೆಲ, ರಾತ್ರಿ ಕುರಿ ಕೂಡುವ ಬಲೆಯನ್ನು ದುಂಡಗೆ ನಿಲ್ಲಿಸುತ್ತಿದ್ದರು. "ಮಗಳನ್ನ ಸಾಲಿ ಬಿಡಸಬ್ಯಾಡ್ರಿ" ಎಂದು ತಂದೆಯನ್ನು ಕೇಳಿಕೊಂಡೆ.

"ನಾ ಎಲ್ಲಿ ಬಿಡಸಾಕತ್ತೀನ್ರಿ? ಆಕಿನೇ ಒಲ್ಲೆ ಅನ್ನಾಕತ್ತಾಳ. ಮೇಡಮ್ಮೋರೇ ಹತ್ತಂಗಿಲ್ಲ ಅಂದಮ್ಯಾಗ ಯಾಕ ಹೋಗ್ಲಿ ಅಂತಾಳ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಮಕ್ಕಳಿಗೆ ಹೇಳುತ್ತಲೇ ಬಂದವಳು ನಾನು. ಅವಳು ಬಲೆಯ ಆಚೆ ಬದಿ ಗೂಟ ಬಡಿಯುತ್ತಿದ್ದಳು. ಹತ್ತಿರ ಹೋಗಿ, "ನಾ ಅವತ್ತ ಅಂದಿದ್ದು ತಪ್ಪವ್ವ. ಚೌಕದ್ದೂ ತಪ್ಪು" ಎಂದೆ.

ಬಡಿಯುವುದು ನಿಂತಿತು. "ಕ್ಲಾಸಿನ್ಯಾಗ ಹೇಳ್ತೀರೇನ್ರಿ?"

ಸೋಮವಾರ ಹಾಜರಿಗೂ ಮುಂಚೆ, ನಲವತ್ತು ಮಕ್ಕಳ ಎದುರು, ಎರಡೂ ತಪ್ಪನ್ನು ಹೇಳಿದೆ. ಅವಳು ತಲೆ ಎತ್ತಲಿಲ್ಲ.

ದೀಪಾವಳಿ ಮುಗಿಯಿತು, ಹಿಂಡು ಹೊರಟಿತು. ಶಾಲೆ ತೆರೆದ ದಿನ ಹಾಜರಿ ಕರೆಯುತ್ತ ಅವಳ ನಂಬರು ಬಂದಾಗ ನಾನು ಪುಸ್ತಕದಿಂದ ಕಣ್ಣೆತ್ತಲಿಲ್ಲ, ಧೈರ್ಯವಾಗಲಿಲ್ಲ.

"ಹಾಜರ್ರಿ ಮೇಡಂ."